ಚಿಪ್ ಕೆಟ್ಟಿದೆ ಅನ್ನುತ್ತದೆ ಮಶೀನ್, ನಿಜವಾಗಿ ಕೆಟ್ಟಿರುವುದು ಎಲ್ಲಿ?

ಪರದೆ ಮೇಲೆ ಒಂದು ಕೆಂಪು ಸಾಲು: "ಸೈಟ್ 5, ಡಿವೈಸ್ ಐಡಿ ತಪ್ಪು." ಅಂದರೆ 5ನೇ ಸಾಕೆಟ್ಟಿನಲ್ಲಿ ಕೂತ ಚಿಪ್ ತನ್ನ ಗುರುತಿನ ಸಂಖ್ಯೆಯನ್ನು ಸರಿಯಾಗಿ ಹೇಳಲಿಲ್ಲ. ಚಿಪ್ಪಿನೊಳಗೆ ಸಾಫ್ಟ್‌ವೇರ್ ತುಂಬುವ ಈ ಮಶೀನಿನ ಕೈ ಆ ಚಿಪ್ಪನ್ನು ಎತ್ತಿ ರಿಜೆಕ್ಟ್ ಡಬ್ಬಿಗೆ ಹಾಕುತ್ತದೆ. ಹೊಸದೊಂದನ್ನು ತಂದಿಡುತ್ತದೆ. ಮತ್ತೆ ಅದೇ ಕೆಂಪು ಸಾಲು. ಹತ್ತು ನಿಮಿಷ ಆಗುವಷ್ಟರಲ್ಲಿ ಡಬ್ಬಿಯಲ್ಲಿ ಇಪ್ಪತ್ತು ಚಿಪ್. ಅಷ್ಟೊತ್ತಿಗೆ ಯಾರಾದರೂ ಬಂದು, "ಈ ಲಾಟೇ ಸರಿ ಇಲ್ಲ ಅನ್ಸುತ್ತೆ, ಅಲ್ವಾ?" ಅನ್ನುತ್ತಾರೆ.

ಆ ಇಪ್ಪತ್ತನ್ನೂ ತೆಗೆದು ಪಕ್ಕದ ಸೈಟಿನಲ್ಲಿ ಹಾಕಿ ನೋಡಿ. ಹೆಚ್ಚಿನ ಸಲ ಇಪ್ಪತ್ತೂ ಪಾಸಾಗುತ್ತವೆ. ಹಾಗಂತ ಮಶೀನ್ ಸುಳ್ಳು ಹೇಳಿತು ಅಂತಲ್ಲ. ಅದಕ್ಕೆ ಗೊತ್ತಿರುವುದು ಇಷ್ಟೇ: ನಾನು ಕೇಳಿದೆ, ಸರಿಯಾದ ಉತ್ತರ ಬರಲಿಲ್ಲ. ಆದರೆ ಕೇಳಿದ ಮಾತು ಚಿಪ್ಪಿಗೆ ತಲುಪುವ ದಾರಿಯಲ್ಲಿ ಕಂಪ್ಯೂಟರ್, ಕೇಬಲ್, ಪ್ರೋಗ್ರಾಮರ್ ಬೋರ್ಡ್, ಒಂದೊಂದು ಪಿನ್ನಿಗೂ ವೋಲ್ಟೇಜ್ ಕೊಡುವ ಪಿನ್ ಡ್ರೈವರ್, ಸಾಕೆಟ್ಟನ್ನು ಬೋರ್ಡಿಗೆ ಜೋಡಿಸುವ ಅಡಾಪ್ಟರ್, ಚಿಪ್ ಕೂರುವ ಸಾಕೆಟ್, ಸಾಕೆಟ್ಟಿನ ಒಳಗಿನ ಸ್ಪ್ರಿಂಗ್ ಎಲ್ಲ ಇವೆ. ಚಿಪ್ ಅದರ ಕೊನೆಯ ಕೊಂಡಿ. ದೂರು ಬರುವುದು ಕೊನೆಯ ಕೊಂಡಿಯ ಹೆಸರಿನಲ್ಲಿ, ತುಂಡಾಗಿರುವುದು ಮಧ್ಯದ್ದು.

ಆ ಸೈಟ್ 5ರ ಕಥೆ ನನ್ನ ಕೈಯಲ್ಲೇ ನಡೆದದ್ದು. ಅದನ್ನು ಇಟ್ಟುಕೊಂಡೇ ಈ ಮಶೀನುಗಳು ಹೇಗೆ ಕೆಡುತ್ತವೆ, ಹೇಗೆ ಹುಡುಕಬೇಕು ಅಂತ ಹೇಳುತ್ತೇನೆ.

ಮೊದಲು, ಈ ಮಶೀನ್ ಮಾಡುವ ಕೆಲಸ

ಕಾರ್ಖಾನೆಯಿಂದ ಬರುವ ಮೆಮೊರಿ ಚಿಪ್, ಮೈಕ್ರೋಕಂಟ್ರೋಲರ್ ಹೆಚ್ಚಾಗಿ ಖಾಲಿ ಇರುತ್ತವೆ. ಖಾಲಿ ಫ್ಲ್ಯಾಶ್ ಮೆಮೊರಿಯನ್ನು ಓದಿದರೆ ಎಲ್ಲ ಕಡೆ ಎಫ್‌ಎಫ್ ಅಂತಲೇ ಬರುತ್ತದೆ, ಅಂದರೆ ಎಲ್ಲ ಬಿಟ್ಟೂ 1. ಬೋರ್ಡಿಗೆ ಬೆಸುಗೆ ಹಾಕುವ ಮೊದಲು ಅದರೊಳಗೆ ಸಾಫ್ಟ್‌ವೇರ್ ತುಂಬಬೇಕು. ಹತ್ತು ಚಿಪ್ ಆದರೆ ಮೇಜಿನ ಮೇಲಿನ ಪುಟ್ಟ ಪ್ರೋಗ್ರಾಮರ್ ಸಾಕು. ಹತ್ತು ಸಾವಿರ ಆದರೆ ಮಶೀನ್ ಬೇಕು.

ಮಶೀನಿನ ಒಂದು ಕಡೆ ಟ್ರೇ, ಟ್ಯೂಬ್ ಅಥವಾ ರೀಲಿನಲ್ಲಿ ಖಾಲಿ ಚಿಪ್ ಬರುತ್ತವೆ. ಗಾಳಿ ಎಳೆಯುವ ನಾಝಲ್ ಒಂದನ್ನು ಹೀರಿ ಎತ್ತುತ್ತದೆ. ಕ್ಯಾಮೆರಾ ಕೆಳಗಿನಿಂದ ನೋಡಿ, ಚಿಪ್ ಎಷ್ಟು ಓರೆಯಾಗಿದೆ ಅಂತ ಲೆಕ್ಕ ಹಾಕುತ್ತದೆ. ನಂತರ ಅದು ಸಾಕೆಟ್ಟಿಗೆ ಇಳಿಯುತ್ತದೆ. ಬರೆದು ಮುಗಿದ ಮೇಲೆ ಕೈ ಬಂದು ಎತ್ತಿ, ಪಾಸಾದದ್ದನ್ನು ಇನ್ನೊಂದು ಟ್ರೇಗೋ ಟೇಪಿಗೋ ಹಾಕುತ್ತದೆ. ಕೆಲವು ಮಶೀನುಗಳಲ್ಲಿ ಲೇಸರ್ ಗುರುತು ಹಾಕುವ ಭಾಗವೂ ಇರುತ್ತದೆ. ಒಂದೊಂದು ಸಾಕೆಟ್ ಇರುವ ಜಾಗಕ್ಕೆ ಸೈಟ್ ಅನ್ನುತ್ತಾರೆ. ಮನೆ ಕಟ್ಟುವ ಸೈಟ್ ಅಲ್ಲ, ಆದರೆ ಇದರ ಮೇಲೂ ಜಗಳ ಕಡಿಮೆ ಏನಿಲ್ಲ.

ಇಷ್ಟೊಂದು ಸೈಟ್ ಯಾಕೆ ಬೇಕು? 8 ಮೆಗಾಬೈಟಿನ ಒಂದು ಸಾಮಾನ್ಯ ಫ್ಲ್ಯಾಶ್ ಚಿಪ್ ತೆಗೆದುಕೊಳ್ಳಿ. ಅದರಲ್ಲಿ 256 ಬೈಟಿನ 32,768 ಪುಟಗಳಿವೆ. ಒಂದು ಪುಟ ಬರೆಯಲು ಸುಮಾರು 0.4 ರಿಂದ 0.7 ಮಿಲಿಸೆಕೆಂಡ್. ಒಟ್ಟು 13 ರಿಂದ 23 ಸೆಕೆಂಡ್. ಅದರ ಮೇಲೆ ಓದಿ ತಾಳೆ ನೋಡುವ ಸಮಯ ಬೇರೆ. ಕೈ ಆದರೆ ಕೆಲವೇ ಸೆಕೆಂಡಿನಲ್ಲಿ ಒಂದು ಚಿಪ್ ಸಾಗಿಸುತ್ತದೆ. ಕೈ ಸುಮ್ನೆ ಕೂರಬಾರದು ಅಂತ ಒಟ್ಟಿಗೆ ಎಂಟು, ಹದಿನಾರು, ಇನ್ನೂ ಜಾಸ್ತಿ ಸೈಟ್ ಇಡುತ್ತಾರೆ. ಹಿಂದಿನ ಕಾಲದ 2716 ಅನ್ನುವ ಇಪ್ರಾಮ್ ಮೆಮೊರಿ ಚಿಪ್ಪಿಗೆ ಒಂದೊಂದು ಬೈಟಿಗೂ 50 ಮಿಲಿಸೆಕೆಂಡ್ ಬೇಕಿತ್ತು. ಬರೀ 2 ಕಿಲೋಬೈಟ್ ತುಂಬಲು 100 ಸೆಕೆಂಡ್! ಆ ಲೆಕ್ಕದಲ್ಲಿ ಇವತ್ತಿನ ಚಿಪ್ ಬರೆದಿದ್ದರೆ ಒಂದಕ್ಕೆ ಐದು ದಿನ ಹತ್ತಿರ ಹಿಡಿಯುತ್ತಿತ್ತು.

ಅಕ್ಕಪಕ್ಕದಲ್ಲಿ ಒಂದೇ ಥರದ ಎಂಟು ಸೈಟ್ ಇರುವುದು ರಿಪೇರಿ ಮಾಡುವವರಿಗೆ ದೊಡ್ಡ ವರ. ಹೇಗೆ ಅಂತ ಈಗಲೇ ಗೊತ್ತಾಗುತ್ತದೆ.

ತಪ್ಪು ಜೊತೆಗೆ ಹೋಗುತ್ತದೋ, ಅಲ್ಲೇ ಉಳಿಯುತ್ತದೋ

ಸೈಟ್ 5ರ ಸಾಕೆಟ್ ಬಿಚ್ಚಿ ಸೈಟ್ 2ಕ್ಕೆ ಹಾಕಿ. 2ರದ್ದನ್ನು 5ಕ್ಕೆ ಹಾಕಿ. ಮತ್ತೇನನ್ನೂ ಮುಟ್ಟಬೇಡಿ. ಮಶೀನ್ ಓಡಿಸಿ. ಕೆಂಪು ಸಾಲು ಈಗ ಸೈಟ್ 2 ಅಂದರೆ ತಪ್ಪು ಸಾಕೆಟ್ ಜೊತೆ ಹೋಯಿತು, ಸಾಕೆಟ್ಟೇ ಕಳ್ಳ. ಇನ್ನೂ 5 ಅಂತಲೇ ಹೇಳಿದರೆ ಸಾಕೆಟ್ ನಿರಪರಾಧಿ, ತಪ್ಪು ಅದರ ಕೆಳಗೋ ಮೇಲೋ ಇದೆ. ಆಮೇಲೆ ಅಡಾಪ್ಟರ್ ಬೋರ್ಡನ್ನು ಅದಲು ಬದಲು ಮಾಡಿ. ಆಮೇಲೆ ಪ್ರೋಗ್ರಾಮರ್ ಬೋರ್ಡ್. ಆಮೇಲೆ ಕೇಬಲ್.

ಕೇಳಲು ಮಕ್ಕಳಾಟದ ಹಾಗಿದೆ. ಆದರೂ ಅವಸರದಲ್ಲಿ ಜನ ಇದನ್ನು ಮಾಡುವುದಿಲ್ಲ. ಸಾಕೆಟ್ ಬದಲಾಯಿಸುತ್ತಾರೆ, ಜೊತೆಗೆ ಕೇಬಲ್ಲನ್ನೂ ಎಳೆದು ಹಾಕುತ್ತಾರೆ, ಹಾಗೇ ಸಾಫ್ಟ್‌ವೇರನ್ನೂ ರೀಸ್ಟಾರ್ಟ್ ಮಾಡುತ್ತಾರೆ. ಸರಿಹೋಗುತ್ತದೆ. ಯಾವುದರಿಂದ ಸರಿಹೋಯಿತು? ಗೊತ್ತಿಲ್ಲ. ಮೂರು ದಿನಕ್ಕೆ ಅದು ವಾಪಸ್ ಬಂದಾಗ ಮತ್ತೆ ಶುರುವಿನಿಂದ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದರಲ್ಲಿ ನಾನು ಹಠಮಾರಿ.

ಒಂದು ಎಚ್ಚರ. ಬೋರ್ಡಿನಲ್ಲಿ ಎಲ್ಲೋ ಶಾರ್ಟ್ ಆಗಿದ್ದು, ಅದೇ ಸಾಕೆಟ್ಟನ್ನು ಸುಟ್ಟಿದ್ದರೆ, ಅದಲು ಬದಲು ಮಾಡಿದಾಗ ಒಳ್ಳೆಯ ಸಾಕೆಟ್ಟೂ ಸುಡುತ್ತದೆ. ಸುಟ್ಟ ವಾಸನೆ, ಕಪ್ಪಾದ ಗುರುತು, "ಓವರ್ ಕರೆಂಟ್" ಅನ್ನುವ ಎರರ್ ಇದ್ದರೆ ಮೊದಲು ಮೀಟರ್ ಹಿಡಿಯಿರಿ, ಆಮೇಲೆ ಅದಲು ಬದಲು.

ನಮ್ಮ ಸೈಟ್ 5ರಲ್ಲಿ ಏನಾಯಿತು ಗೊತ್ತಾ? ಸಾಕೆಟ್ ಬದಲಾಯಿಸಿದರೂ ತಪ್ಪು 5ರಲ್ಲೇ ಉಳಿಯಿತು. ಅಡಾಪ್ಟರ್ ಬದಲಾಯಿಸಿದರೂ 5ರಲ್ಲೇ. ಬೋರ್ಡ್ ಬದಲಾಯಿಸಿದರೂ 5ರಲ್ಲೇ. ನಾನು ಬರುವ ಮೊದಲೇ ಮೂರು ಹೊಸ ಸಾಕೆಟ್ ಹಾಕಿ, ಮೂರನ್ನೂ ಕೆಟ್ಟದ್ದು ಅಂತ ಬಿಸಾಕಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಉತ್ತರಕ್ಕೆ ಆಮೇಲೆ ಬರೋಣ.

ಸಾಕೆಟ್ಟಿನ ಒಳಗೆ

ಆ ಸಲ ಸಾಕೆಟ್ ನಿರಪರಾಧಿ. ಆದರೆ ಒಟ್ಟಾರೆ ಲೆಕ್ಕ ಹಾಕಿದರೆ, ನಾನು ನೋಡಿದ ತೊಂದರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಕೆಟ್ಟಿನವೇ. ಇಡೀ ಮಶೀನಿನಲ್ಲಿ ಸವೆಯಲೆಂದೇ ಇರುವ ಭಾಗ ಅದು.

ಒಳಗೆ ಕೂದಲಿನಷ್ಟು ಸಣ್ಣ ಸ್ಪ್ರಿಂಗುಗಳಿವೆ. ಹೆಚ್ಚಾಗಿ ಬೆರಿಲಿಯಂ ಸೇರಿಸಿದ ತಾಮ್ರ, ಅದರ ಮೇಲೆ ನಿಕ್ಕಲ್, ಅದರ ಮೇಲೆ ಚಿನ್ನದ ಲೇಪ. ಆ ಚಿನ್ನ ಸಾಮಾನ್ಯವಾಗಿ ಒಂದು ಮೈಕ್ರಾನ್ ದಪ್ಪವೂ ಇರುವುದಿಲ್ಲ. ಚಿಪ್ಪಿನ ಕಾಲಿಗೆ ಇರುವುದು ತವರ. ಪ್ರತಿ ಸಲ ಚಿಪ್ ಕೂತಾಗ ತವರ ಚಿನ್ನಕ್ಕೆ ಉಜ್ಜುತ್ತದೆ, ಚೂರು ಚೂರೇ ಅಂಟಿಕೊಳ್ಳುತ್ತದೆ. ಚಿನ್ನಕ್ಕೆ ತುಕ್ಕಿಲ್ಲ, ಆದರೆ ಅಂಟಿದ ತವರ ಗಾಳಿಗೆ ಆಕ್ಸೈಡ್ ಆಗುತ್ತದೆ. ಆಕ್ಸೈಡ್ ಕರೆಂಟನ್ನು ಸರಿಯಾಗಿ ಬಿಡುವುದಿಲ್ಲ.

ಇದು ಎಷ್ಟು ಬೇಗ ಆಗುತ್ತದೆ? ಎಂಟು ಸೈಟಿನ ಮಶೀನಿನಲ್ಲಿ ಒಂದು ಸುತ್ತಿಗೆ 30 ಸೆಕೆಂಡ್ ಅಂದುಕೊಳ್ಳಿ. ಒಂದು ಸಾಕೆಟ್ಟಿಗೆ ಗಂಟೆಗೆ 120 ಚಿಪ್. ಎಂಟು ಗಂಟೆಗೆ 960. ಸಾಕೆಟ್ ತಯಾರಿಸಿದವರು 10,000 ಸಲ ಬಾಳಿಕೆ ಅಂದಿದ್ದರೆ ಹನ್ನೊಂದನೇ ದಿನಕ್ಕೆ ಅದರ ಆಯಸ್ಸು ಮುಗಿಯಿತು! ಪೆಟ್ಟಿಗೆ ತೆಗೆದು ಇನ್ನೂ ಎರಡು ವಾರ ಆಗಿಲ್ಲ, ಕೆಡುವುದು ಹೇಗೆ ಅಂತ ಕೇಳುವವರಿಗೆ ಈ ಲೆಕ್ಕ ತೋರಿಸಬೇಕು. ಸಾಕೆಟ್ಟಿನ ವಯಸ್ಸನ್ನು ದಿನದಲ್ಲಿ ಎಣಿಸಬಾರದು, ಎಷ್ಟು ಚಿಪ್ ಹಾದುಹೋಯಿತು ಅನ್ನುವುದರಲ್ಲಿ ಎಣಿಸಬೇಕು. ಬಹಳಷ್ಟು ಮಶೀನುಗಳ ಸಾಫ್ಟ್‌ವೇರಿನಲ್ಲಿ ಆ ಎಣಿಕೆ ಇರುತ್ತದೆ. ಸಾಕೆಟ್ ಬದಲಾಯಿಸಿದಾಗ ಎಣಿಕೆಯನ್ನು ಸೊನ್ನೆ ಮಾಡುವುದನ್ನು ಮರೆಯುತ್ತಾರೆ, ಅಷ್ಟೇ.

ಮೀಟರಿನಲ್ಲಿ ಬೀಪ್ ಬಂತು, ಹಾಗಾಗಿ ಕಾಂಟ್ಯಾಕ್ಟ್ ಸರಿ ಇದೆ ಅನ್ನುವ ಮಾತು ನಂಬಬೇಡಿ. ಹತ್ತಾರು ಓಮ್ ಇದ್ದರೂ ಬಹಳ ಮೀಟರುಗಳು ಬೀಪ್ ಅನ್ನುತ್ತವೆ. ಒಳ್ಳೆಯ ಕಾಂಟ್ಯಾಕ್ಟ್ ಇರಬೇಕಾದದ್ದು ಮಿಲಿಓಮ್ ಲೆಕ್ಕದಲ್ಲಿ. ಚಿಪ್ ಬರೆಯುವಾಗ 25 ಮಿಲಿಆಂಪ್ ಎಳೆಯುತ್ತದೆ ಅಂದರೆ, 20 ಓಮಿನ ಕೊಳಕು ಕಾಂಟ್ಯಾಕ್ಟ್ ಅರ್ಧ ವೋಲ್ಟ್ ತಿಂದುಹಾಕುತ್ತದೆ. ಓದುವಾಗ ಕರೆಂಟ್ ಕಡಿಮೆ, ಹಾಗಾಗಿ ಐಡಿ ಸರಿಯಾಗಿ ಬರಬಹುದು. ಬರೆಯುವಾಗ ಮಾತ್ರ ಫೇಲ್. "ಐಡಿ ಪಾಸ್, ಪ್ರೋಗ್ರಾಮ್ ಫೇಲ್" ಅನ್ನುವ ಜೋಡಿ ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಪವರ್ ಒಳಗೆ ಬರುವ ವಿಸಿಸಿ ಮತ್ತು ವಾಪಸ್ ಹೋಗುವ ಗ್ರೌಂಡ್ ಪಿನ್ನಿನ ಸ್ಪ್ರಿಂಗ್ ಕಡೆಗೆ.

ಶುಚಿ ಮಾಡಲು ಐಸೋಪ್ರೊಪೈಲ್ ಆಲ್ಕೋಹಾಲ್, ಮೆತ್ತನೆಯ ಬ್ರಶ್, ಆಮೇಲೆ ಒಣ ಗಾಳಿ. ಉಪ್ಪುಕಾಗದ, ರಬ್ಬರ್, ಬ್ಲೇಡ್ ಮುಟ್ಟಿಸಲೇಬೇಡಿ. ಒಂದು ಮೈಕ್ರಾನೂ ಇಲ್ಲದ ಆ ಚಿನ್ನ ಎರಡೇ ಉಜ್ಜಿಗೆ ಹೋಗುತ್ತದೆ. ಆ ಹೊತ್ತಿಗೆ ಸಾಕೆಟ್ ಫಳಫಳ ಅನ್ನುತ್ತದೆ, ವಾರದಲ್ಲಿ ಮೊದಲಿಗಿಂತ ಕೆಟ್ಟದಾಗುತ್ತದೆ.

ಇನ್ನೊಂದು ಕೆಲಸ ಮಾಡಿ. ರಿಜೆಕ್ಟ್ ಡಬ್ಬಿಯಿಂದ ಒಂದು ಚಿಪ್ ತೆಗೆದು ಹತ್ತು ಪಟ್ಟಿನ ಲೆನ್ಸಿನಲ್ಲಿ ಕಾಲುಗಳನ್ನು ನೋಡಿ. ಸ್ಪ್ರಿಂಗ್ ಮುಟ್ಟಿದ ಕಡೆ ತವರದ ಮೇಲೆ ಸಣ್ಣ ಗೀರು ಇರುತ್ತದೆ. ಎಲ್ಲ ಕಾಲಿನಲ್ಲೂ ಒಂದೇ ಜಾಗದಲ್ಲಿ ಗೀರು ಇದ್ದರೆ ಚಿಪ್ ಚೆನ್ನಾಗಿ ಕೂತಿತ್ತು. ಒಂದು ಪಕ್ಕದ ಕಾಲುಗಳಲ್ಲಿ ಗೀರು ತುದಿಗೆ ಸರಿದಿದ್ದರೆ ಚಿಪ್ ಓರೆಯಾಗಿ ಇಳಿದಿದೆ. ಒಂದು ಕಾಲಿನಲ್ಲಿ ಗೀರೇ ಇಲ್ಲದಿದ್ದರೆ ಆ ಸ್ಪ್ರಿಂಗ್ ಮುಟ್ಟೇ ಇಲ್ಲ. ಎಷ್ಟೋ ಸಲ ವೋಲ್ಟೇಜಿನ ಏರಿಳಿತವನ್ನು ಪರದೆ ಮೇಲೆ ತೋರಿಸುವ ದುಬಾರಿ ಸ್ಕೋಪ್ ಹೇಳದಿದ್ದನ್ನು ಈ ಗೀರು ಹೇಳುತ್ತದೆ.

ಐಡಿಯಲ್ಲಿ ಬಂದ ಅಂಕಿ ಓದಿ, ಬರೀ "ಫೇಲ್" ಅಲ್ಲ

ಸೀರಿಯಲ್ ಫ್ಲ್ಯಾಶ್ ಚಿಪ್ಪಿಗೆ 9ಎಫ್ ಅನ್ನುವ ಆಜ್ಞೆ (ಇಲ್ಲಿನ ಅಂಕಿಗಳು ಹದಿನಾರರ ಲೆಕ್ಕದವು, ಅಕ್ಷರ ಸೇರಿರುವುದು ಅದಕ್ಕೇ) ಕಳಿಸಿದರೆ ಅದು ಮೂರು ಬೈಟಿನ ಉತ್ತರ ಕೊಡುತ್ತದೆ. ಮೊದಲನೆಯದು ತಯಾರಿಸಿದ ಕಂಪನಿ. ಆ ಸಂಖ್ಯೆಗಳನ್ನು ಹಂಚುವುದು ಜೆಡೆಕ್ ಅನ್ನುವ ಸಂಸ್ಥೆ. ಉಳಿದೆರಡು ಚಿಪ್ಪಿನ ಜಾತಿ ಮತ್ತು ಗಾತ್ರ. ವಿನ್‌ಬಾಂಡ್ ಕಂಪನಿಯ 25ಕ್ಯೂ64 ಆದರೆ ಸಾಮಾನ್ಯವಾಗಿ ಇಎಫ್ 40 17.

ಮಶೀನ್ ಬರೀ "ಐಡಿ ತಪ್ಪು" ಅಂತ ತೋರಿಸಿದರೂ ಲಾಗ್ ಫೈಲಿನಲ್ಲಿ ಬಂದ ಅಂಕಿ ಇರುತ್ತದೆ. ಅದನ್ನು ತೆಗೆಯಿರಿ. ಎಫ್‌ಎಫ್ ಎಫ್‌ಎಫ್ ಎಫ್‌ಎಫ್ ಬಂದರೆ ಸಾಮಾನ್ಯವಾಗಿ ಆ ಕಡೆಯಿಂದ ಯಾರೂ ಮಾತಾಡಿಲ್ಲ. ಚಿಪ್ ಇಲ್ಲ, ಅಥವಾ ಪವರೋ, ಚಿಪ್ಪನ್ನು ಮಾತಿಗೆ ಕರೆಯುವ ಸೆಲೆಕ್ಟ್ ಪಿನ್ನೋ ಮುಟ್ಟಿಲ್ಲ. 00 00 00 ಬಂದರೆ ಡೇಟಾ ಸಾಲು ಎಲ್ಲೋ ಗ್ರೌಂಡಿಗೆ ತಾಗಿರಬಹುದು, ಅಥವಾ ಸಾಲು ತುಂಡಾಗಿ ಸೊನ್ನೆಗೆ ಇಳಿದಿರಬಹುದು. ಸಿ2 20 17 ಬಂದರೆ ಮಶೀನ್ ಚೆನ್ನಾಗಿದೆ, ಚಿಪ್ಪೂ ಚೆನ್ನಾಗಿದೆ. ಆದರೆ ಅದು ಮ್ಯಾಕ್ರೋನಿಕ್ಸ್ ಕಂಪನಿಯದು. ಯಾರೋ ಬೇರೆ ಟ್ರೇ ಇಟ್ಟಿದ್ದಾರೆ. ಇಎಫ್ 70 17 ಬಂದರೆ ಇನ್ನೂ ಮಜಾ: ಅದೇ ವಿನ್‌ಬಾಂಡ್, ಅದೇ 25ಕ್ಯೂ64, ಹೆಸರಿನ ಬಾಲದಲ್ಲಿ ಒಂದು ಅಕ್ಷರ ಬೇರೆ. ಕೊಳ್ಳುವವರಿಗೆ ಎರಡೂ ಒಂದೇ, ಮಶೀನಿಗೆ ಅಲ್ಲ.

ನನಗೆ ತುಂಬಾ ಇಷ್ಟವಾದ ತಪ್ಪು ಅಂದರೆ 77 ಎ0 0ಬಿ. ಏನಿದು, ಯಾವ ಕಂಪನಿ ಅಂತ ಪಟ್ಟಿ ಹುಡುಕಿದರೆ ದಾರಿ ತಪ್ಪುತ್ತೀರಿ. ಇಎಫ್ 40 17 ಅನ್ನು ಬಿಟ್ಟುಗಳಲ್ಲಿ ಬರೆದು, ಎಲ್ಲವನ್ನೂ ಒಂದು ಮನೆ ಬಲಕ್ಕೆ ಸರಿಸಿ. 77 ಎ0 0ಬಿ ಸಿಗುತ್ತದೆ! ಎಡಕ್ಕೆ ಸರಿಸಿದರೆ ಡಿಇ 80 2ಇ. ಅಂದರೆ ಚಿಪ್ ಸರಿಯಾದ ಉತ್ತರವನ್ನೇ ಕೊಟ್ಟಿದೆ, ಒಂದೊಂದು ಬಿಟ್ಟಿಗೂ ತಾಳ ಹಾಕುವ ಕ್ಲಾಕ್ ಎಣಿಕೆಯಲ್ಲಿ ಒಂದು ಹೆಜ್ಜೆ ಹೆಚ್ಚು ಕಡಿಮೆ ಆಗಿದೆ. ಕ್ಲಾಕ್ ಪಿನ್ನಿನ ಕಾಂಟ್ಯಾಕ್ಟ್, ಗ್ರೌಂಡ್, ಇಲ್ಲವೇ ವೇಗದ ಸೆಟ್ಟಿಂಗ್ ನೋಡಿ. ಕ್ಲಾಕ್ ವೇಗ ಅರ್ಧಕ್ಕೆ ಇಳಿಸಿದಾಗ ಸರಿಹೋದರೆ ದಾರಿ ಸಿಕ್ಕಿತು. ಆದರೆ ವೇಗ ಇಳಿಸಿ ಹಾಗೇ ಬಿಟ್ಟು ಹೋಗಬೇಡಿ, ಅದು ಬರೀ ಪರೀಕ್ಷೆ.

"ಓವರ್ ಕರೆಂಟ್" ಎಲ್ಲ ಸೈಟಿನಲ್ಲೂ ಒಟ್ಟಿಗೆ ಬಂದರೆ ಟ್ರೇ ತಿರುಗಿಸಿ ಇಟ್ಟಿರಬಹುದು. ಎಂಟು ಕಾಲಿನ ಈ ಚಿಪ್ಪುಗಳಲ್ಲಿ 4ನೇ ಪಿನ್ ಗ್ರೌಂಡ್, 8ನೇದು ವಿಸಿಸಿ. ಚಿಪ್ಪನ್ನು 180 ಡಿಗ್ರಿ ತಿರುಗಿಸಿದರೆ 4 ಇದ್ದ ಜಾಗಕ್ಕೆ 8 ಬರುತ್ತದೆ. ಸರಿಯಾಗಿ ಉಲ್ಟಾ ಪವರ್! ಟ್ರೇಯ ಒಂದು ಮೂಲೆ ಕತ್ತರಿಸಿದ ಹಾಗೆ ಇರುವುದು ಇದಕ್ಕೇ, ಯಾವ ಕಡೆ ಒಂದನೇ ಪಿನ್ ಅಂತ ಗೊತ್ತಾಗಲಿ ಅಂತ.

ಗಾಳಿಯ ಆಟ

ಎಲೆಕ್ಟ್ರಾನಿಕ್ಸ್ ಓದಿದವರು ಗಾಳಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ಮಶೀನುಗಳನ್ನು ನಡೆಸುವುದು ಅರ್ಧ ಕರೆಂಟ್, ಅರ್ಧ ಗಾಳಿ. ಸಾಮಾನ್ಯವಾಗಿ 5-6 ಬಾರ್ ಒತ್ತಡದ ಗಾಳಿ ಒಳಗೆ ಬರುತ್ತದೆ. ಸಿಲಿಂಡರುಗಳನ್ನು ತಳ್ಳುವುದು ಅದೇ. ಬಹಳ ಮಶೀನುಗಳಲ್ಲಿ ಹೀರುವ ಶಕ್ತಿಯೂ ಅದರಿಂದಲೇ: ಗಾಳಿಯನ್ನು ಇಕ್ಕಟ್ಟಾದ ದಾರಿಯಲ್ಲಿ ರಭಸವಾಗಿ ನುಗ್ಗಿಸಿದರೆ, ಪಕ್ಕದ ತೂತಿನಿಂದ ಗಾಳಿ ಎಳೆದುಕೊಳ್ಳುತ್ತದೆ.

ಚಿಪ್ ಮಧ್ಯದಲ್ಲಿ ಬೀಳುತ್ತಿದೆ ಅಂದರೆ ಎಲ್ಲರೂ ಮೊದಲು ವ್ಯಾಕ್ಯೂಮ್ ಸಾಲುತ್ತಿಲ್ಲ ಅನ್ನುತ್ತಾರೆ. ಲೆಕ್ಕ ನೋಡೋಣ. 4 ಮಿಲಿಮೀಟರ್ ಅಗಲದ ನಾಝಲ್, 60 ಕಿಲೋಪ್ಯಾಸ್ಕಲ್ ಎಳೆತ. ಅದು ಹಿಡಿಯಬಲ್ಲದ್ದು ಸುಮಾರು 75 ಗ್ರಾಂ. ಎಂಟು ಕಾಲಿನ ಚಿಪ್ ಒಂದು ಗ್ರಾಂ ಕೂಡ ತೂಗುವುದಿಲ್ಲ. ಶಕ್ತಿ ಬೇಕಾದಷ್ಟಿದೆ. ಹಾಗಾದರೆ ಎಲ್ಲೋ ಸೋರುತ್ತಿದೆ: ನಾಝಲ್ ತುದಿಯ ರಬ್ಬರ್ ಬಿರುಕು, ಗಟ್ಟಿಯಾದ ಓ-ರಿಂಗ್, ಚಿಪ್ಪಿನ ಮೇಲಿನ ಲೇಸರ್ ಬರಹದ ಉಬ್ಬುತಗ್ಗು, ಅಥವಾ ಓರೆಯಾಗಿ ಮುಟ್ಟುವ ನಾಝಲ್.

ವ್ಯಾಕ್ಯೂಮ್ ಸೆನ್ಸರಿನಲ್ಲಿ ಎರಡು ಅಂಕಿ ಬರೆದಿಟ್ಟುಕೊಳ್ಳಿ. ನಾಝಲ್ ಖಾಲಿ ಇದ್ದಾಗ ಒಂದು, ತುದಿಯನ್ನು ಬೆರಳಿನಿಂದ ಪೂರ್ತಿ ಮುಚ್ಚಿದಾಗ ಇನ್ನೊಂದು. ಮುಚ್ಚಿದಾಗಿನ ಎಳೆತ ಮೊದಲಿಗಿಂತ ಕಡಿಮೆಯಾಗಿದ್ದರೆ ಸೋರಿಕೆ. ಖಾಲಿ ಇದ್ದಾಗಲೇ ಎಳೆತ ಮೊದಲಿಗಿಂತ ಜಾಸ್ತಿ ತೋರಿಸಿದರೆ ನಾಝಲಿನಲ್ಲೋ ಸೆನ್ಸರಿನಿಂದ ಆಚೆ ಇರುವ ಫಿಲ್ಟರಿನಲ್ಲೋ ಕಸ ಕಟ್ಟಿದೆ. ಈ ಎರಡನೆಯದು ಅಪಾಯ. ಕಸ ಕಟ್ಟಿದ ನಾಝಲಿನಲ್ಲಿ ಚಿಪ್ ಇಲ್ಲದಿದ್ದರೂ ಸೆನ್ಸರ್ "ಇದೆ" ಅನ್ನುತ್ತದೆ. ಮಶೀನ್ ಖಾಲಿ ಕೈಯಲ್ಲಿ ಬಂದು, ಖಾಲಿ ಸಾಕೆಟ್ಟಿನಲ್ಲಿ ಏನೂ ಇಡದೆ, ಎಫ್‌ಎಫ್ ಎಫ್‌ಎಫ್ ಎಫ್‌ಎಫ್ ಓದಿ, ಚಿಪ್ ಕೆಟ್ಟಿದೆ ಅನ್ನುತ್ತದೆ. ಫಿಲ್ಟರ್ ಬದಲಾಯಿಸಿದರೆ ಮುಗಿಯುವ ಕೆಲಸಕ್ಕೆ ಬೋರ್ಡ್ ಬಿಚ್ಚಿ ಕೂತವರನ್ನು ನೋಡಿದ್ದೇನೆ. ಒಂದು ಸಲ ಆ ಬಿಚ್ಚಿ ಕೂತವನು ನಾನೇ.

ಈಗ ಸೈಟ್ 5. ಆ ಮಶೀನಿನಲ್ಲಿ ಪ್ರತಿ ಸಾಕೆಟ್ಟಿನ ಮೇಲೂ ಒಂದು ಪುಟ್ಟ ಗಾಳಿ ಸಿಲಿಂಡರ್. ಅದು ಸಾಕೆಟ್ಟಿನ ಮುಚ್ಚಳವನ್ನು ಕೆಳಗೆ ಒತ್ತುತ್ತದೆ, ಸ್ಪ್ರಿಂಗುಗಳು ಅಗಲವಾಗುತ್ತವೆ, ಚಿಪ್ ಒಳಗೆ ಇಳಿಯುತ್ತದೆ, ಸಿಲಿಂಡರ್ ಮೇಲೆ ಹೋಗುತ್ತದೆ, ಸ್ಪ್ರಿಂಗುಗಳು ಹಿಡಿಯುತ್ತವೆ. ರಿಜೆಕ್ಟ್ ಆದ ಚಿಪ್ ಲೆನ್ಸಿನಲ್ಲಿ ನೋಡಿದೆ. ಒಂದು ಪಕ್ಕದ ನಾಲ್ಕು ಕಾಲಿನಲ್ಲಿ ಗೀರು ನೆಟ್ಟಗಿತ್ತು. ಇನ್ನೊಂದು ಪಕ್ಕದಲ್ಲಿ ಗೀರು ಕಾಲಿನ ತುದಿಗೆ ಜಾರಿತ್ತು, 8ನೇ ಕಾಲಿನಲ್ಲಿ ಗೀರೇ ಇರಲಿಲ್ಲ. ವಿಸಿಸಿ ಮುಟ್ಟೇ ಇಲ್ಲ! ಚಿಪ್ ಓರೆಯಾಗಿ ಕೂರುತ್ತಿತ್ತು. ಆದರೆ ನಾಝಲ್ ನೆಟ್ಟಗೆ ಇಳಿಯುತ್ತಿತ್ತು, ಬೇರೆ ಸೈಟಿನಲ್ಲಿ ತೊಂದರೆ ಇರಲಿಲ್ಲ.

ಮಶೀನಿನ ಮೋಟರುಗಳನ್ನು ನಿಲ್ಲಿಸಿ, ಗಾಳಿ ಮಾತ್ರ ಇಟ್ಟುಕೊಂಡು ಕಿವಿ ಕೊಟ್ಟೆ. ಸುಯ್ ಅಂತ ಸಣ್ಣ ಸದ್ದು. 5ನೇ ಸಿಲಿಂಡರಿಗೆ ಹೋಗುವ ಪೈಪ್ ಜಾಯಿಂಟಿನಲ್ಲಿ ಅರ್ಧ ಹೊರಗೆ ಬಂದಿತ್ತು. ಒತ್ತಡ ಸೋರಿ, ಸಿಲಿಂಡರ್ ಪೂರ್ತಿ ಇಳಿಯದೆ ಒಂದೆರಡು ಮಿಲಿಮೀಟರ್ ಮೇಲೆಯೇ ನಿಲ್ಲುತ್ತಿತ್ತು. ಸ್ಪ್ರಿಂಗುಗಳು ಅರ್ಧ ತೆರೆಯುತ್ತಿದ್ದವು, ಚಿಪ್ ಅವುಗಳ ಮೇಲೆ ಒರಗಿ ಕೂರುತ್ತಿತ್ತು. ಪೈಪಿನ ಸವೆದ ತುದಿ ನೇರವಾಗಿ ಕತ್ತರಿಸಿ, ಮತ್ತೆ ಒತ್ತಿ ಕೂರಿಸಿದೆ. ಎರಡು ನಿಮಿಷದ ಕೆಲಸ. ಎಲೆಕ್ಟ್ರಾನಿಕ್ ಎರರ್, ಗಾಳಿಯ ರೋಗ.

ಕೈ ತಪ್ಪು ಜಾಗಕ್ಕೆ ಹೋದರೆ

ಇದರಲ್ಲಿ ಮೂರು ಬಗೆ ಇದೆ, ಮೂರಕ್ಕೂ ಕಾರಣ ಬೇರೆ. ಎಲ್ಲ ಜಾಗವೂ ಒಂದೇ ಕಡೆಗೆ ಒಂದೇ ಅಳತೆ ಸರಿದಿದ್ದರೆ ಹೋಮ್ ಸೆನ್ಸರ್ ಮೇಲೆ ಅನುಮಾನ. ಅದು ಹೆಚ್ಚಾಗಿ ಯು ಆಕಾರದ ಬೆಳಕಿನ ಸೆನ್ಸರ್. ಒಂದು ತಗಡಿನ ಚೂರು ಬಂದು ಬೆಳಕು ತಡೆದಾಗ ಮಶೀನ್ "ಇದು ಸೊನ್ನೆ" ಅಂದುಕೊಳ್ಳುತ್ತದೆ. ಧೂಳು ಕೂತರೆ ಸೊನ್ನೆಯೇ ಜಾರುತ್ತದೆ. ಒಂದೇ ಸೈಟ್ ಸರಿದಿದ್ದರೆ ಆ ಸೈಟಿನ ಸ್ಕ್ರೂ ಸಡಿಲ, ಅಥವಾ ಯಾರೋ ಅದರ ಜಾಗವನ್ನು ಮಶೀನಿಗೆ ತಪ್ಪಾಗಿ ಕಲಿಸಿದ್ದಾರೆ. ಬೆಳಗ್ಗೆ ಸರಿ ಇದ್ದು, ಹೊತ್ತು ಹೋದ ಹಾಗೆ ಸರಿಯುತ್ತಾ ಹೋದರೆ ಮೋಟರಿನ ಜೋಡಣೆಯ ಸ್ಕ್ರೂ, ಬೆಲ್ಟಿನ ಬಿಗಿತ, ಬಿಸಿಗೆ ಹಿಗ್ಗುವ ಲೋಹ ಇವನ್ನು ನೋಡಿ.

ಸುಲಭದ ದಾರಿ ಅಂತ ಜಾಗವನ್ನು ಮತ್ತೆ ಕಲಿಸಿಬಿಡುತ್ತಾರೆ. ಇದು ನನಗೆ ಸಿಟ್ಟು ಬರಿಸುವ ವಿಷಯ. ಸಡಿಲ ಸ್ಕ್ರೂ ಹಾಗೇ ಇರುತ್ತದೆ, ಅಂಕಿ ಮಾತ್ರ ಬದಲಾಗುತ್ತದೆ. ನಾಳೆ ಸ್ಕ್ರೂ ಬಿಗಿ ಮಾಡಿದಾಗ ಸರಿ ಇದ್ದದ್ದೂ ತಪ್ಪಾಗುತ್ತದೆ. ಹಳೆಯ ಅಂಕಿ ಬರೆದಿಡದೆ ಯಾವ ಜಾಗವನ್ನೂ ಮತ್ತೆ ಕಲಿಸಬೇಡಿ.

ಇನ್ನು ಕೇಬಲ್. ಕೈಯ ಜೊತೆ ದಿನಕ್ಕೆ ಸಾವಿರಾರು ಸಲ ಬಗ್ಗಿ ಏಳುವ ಕೇಬಲ್, ಹೊರಗಿನ ಹೊದಿಕೆ ಚೆನ್ನಾಗಿದ್ದರೂ ಒಳಗೆ ತುಂಡಾಗುತ್ತದೆ. ಕೈ ಒಂದು ಮೂಲೆಗೆ ಹೋದಾಗ ಮಾತ್ರ ಎರರ್ ಬಂದರೆ ಇದೇ. ಪವರ್ ತೆಗೆದು, ತಂತಿಯ ಎರಡು ತುದಿಗೆ ಮೀಟರ್ ಹಾಕಿ, ಕೈಯನ್ನು ನಿಧಾನವಾಗಿ ನೀವೇ ತಳ್ಳಿ. ಎಲ್ಲಿ ಅಂಕಿ ಜಿಗಿಯುತ್ತದೋ ಅಲ್ಲಿ ರೋಗ.

ಪವರ್: ಸರಾಸರಿ ನಂಬಬೇಡಿ

ಒಂದು ಸೈಟ್ ಮಾತ್ರ ಓಡಿಸಿದರೆ ಪಾಸ್. ಎಂಟೂ ಒಟ್ಟಿಗೆ ಓಡಿಸಿದರೆ ಅಲ್ಲೊಂದು ಇಲ್ಲೊಂದು ಫೇಲ್, ಇವತ್ತು 3, ನಾಳೆ 7. ಹೀಗಿದ್ದರೆ ಎಲ್ಲರೂ ಹಂಚಿಕೊಳ್ಳುವ ಯಾವುದೋ ಒಂದು ಸೊರಗಿದೆ, ಹೆಚ್ಚಾಗಿ ಪವರ್ ಸಪ್ಲೈ. ಮಲ್ಟಿಮೀಟರ್ 5.02 ವೋಲ್ಟ್ ತೋರಿಸುತ್ತದೆ, ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಮೀಟರ್ ತೋರಿಸುವುದು ಸರಾಸರಿ. ಸ್ಕೋಪ್ ಹಾಕಿ, ಎಂಟೂ ಸೈಟ್ ಒಟ್ಟಿಗೆ ಶುರುವಾಗುವ ಕ್ಷಣ ನೋಡಿ. ಕಂಪ್ಯೂಟರಿನ ಪವರ್ ಸಪ್ಲೈಗೆ 5 ವೋಲ್ಟ್ ಸಾಲಿನಲ್ಲಿ ಒಪ್ಪುವ ಏರಿಳಿತ 50 ಮಿಲಿವೋಲ್ಟ್. ಒಣಗಿದ ಕೆಪಾಸಿಟರ್ ಇದ್ದರೆ ಅದರ ಹಲವು ಪಟ್ಟು ಕಾಣುತ್ತದೆ.

ಎಲೆಕ್ಟ್ರೋಲಿಟಿಕ್ ಕೆಪಾಸಿಟರಿಗೆ ಒಂದು ಸ್ಥೂಲ ಲೆಕ್ಕ ಇದೆ: 10 ಡಿಗ್ರಿ ಬಿಸಿ ಹೆಚ್ಚಾದರೆ ಆಯಸ್ಸು ಅರ್ಧ. ಫ್ಯಾನಿನ ಜಾಲರಿಗೆ ಧೂಳು ಕಟ್ಟಿದ ಮಶೀನ್ ಬೇಗ ಮುದಿಯಾಗುವುದು ಇದಕ್ಕೇ. ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಬದಲಾಯಿಸಿ, ಆದರೆ ಉಬ್ಬಿಲ್ಲ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲ್ಲ.

ಪಿನ್ ಡ್ರೈವರ್ ಬಗ್ಗೆ ಎರಡು ಮಾತು. ಯಾವ ಚಿಪ್ ಬಂದರೂ ಹೊಂದಬೇಕು ಅಂತ ಸಾರ್ವತ್ರಿಕ ಪ್ರೋಗ್ರಾಮರಿನಲ್ಲಿ ಒಂದೊಂದು ಪಿನ್ನಿಗೂ ಗ್ರೌಂಡ್, ವಿಸಿಸಿ, ಲಾಜಿಕ್, ಹೆಚ್ಚಿನ ವೋಲ್ಟೇಜ್ ಎಲ್ಲವನ್ನೂ ಕೊಡುವ ಸರ್ಕ್ಯೂಟ್ ಇರುತ್ತದೆ. ಹಳೆಯ 2716ಕ್ಕೆ 25 ವೋಲ್ಟ್ ಬೇಕಿತ್ತು, ಈಗಿನ ಕೆಲವಕ್ಕೆ 1.8 ಸಾಕು. ಸಾಕೆಟ್ ಖಾಲಿ ಇಟ್ಟು ಸೆಲ್ಫ್ ಟೆಸ್ಟ್ ಓಡಿಸಿದರೆ ಯಾವ ಪಿನ್ ಸತ್ತಿದೆ ಅಂತ ಅದೇ ಹೇಳುತ್ತದೆ. ಇದನ್ನು ಕೊಲ್ಲುವವರು ಹೆಚ್ಚಾಗಿ ನಾವೇ. ಮೈಮೇಲಿನ ಸ್ಥಿರ ವಿದ್ಯುತ್ ಸುಮಾರು 3,000 ವೋಲ್ಟ್ ದಾಟುವವರೆಗೆ ನಮಗೆ ಚುರ್ ಅನ್ನಿಸುವುದಿಲ್ಲ. ಚಿಪ್ಪಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಮಣಿಕಟ್ಟಿನ ಪಟ್ಟಿ ಕಟ್ಟಿಕೊಂಡೇ ಮುಟ್ಟಿ. ಅದರೊಳಗಿನ 1 ಮೆಗಾಓಮ್ ರೆಸಿಸ್ಟರ್ ಇರುವುದು ನಿಮ್ಮ ಜೀವಕ್ಕೆ, ಚಿಪ್ಪಿಗಲ್ಲ.

ಆದರೆ ಕೈಯ ಮೋಟರಿಗೆ ಕರೆಂಟ್ ಕೊಡುವ ಸರ್ವೋ ಡ್ರೈವ್ ಇರುವ ಪೆಟ್ಟಿಗೆ ಬಿಚ್ಚುವಾಗ ಆ ಪಟ್ಟಿ ತೆಗೆದಿಡಿ. 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದರೆ ಸುಮಾರು 325 ವೋಲ್ಟ್. ಸ್ವಿಚ್ ಆಫ್ ಮಾಡಿದ ಮೇಲೂ ಅದು ಕೆಪಾಸಿಟರಿನಲ್ಲಿ ಹಲವು ನಿಮಿಷ ಕೂತಿರುತ್ತದೆ. ಎಷ್ಟು ಹೊತ್ತು ಕಾಯಬೇಕು ಅಂತ ಡ್ರೈವಿನ ಮೇಲೆ ಅಂಟಿಸಿರುತ್ತಾರೆ. ಕಾಯಿರಿ, ಮೀಟರ್ ಹಿಡಿದು ನೋಡಿ, ಆಮೇಲೆ ಕೈ ಹಾಕಿ. ಕೆಂಪು ಗುಂಡಿ ಒತ್ತಿದರೆ ಎಲ್ಲ ನಿಂತಿತು ಅಂದುಕೊಳ್ಳಬೇಡಿ, ಸಿಲಿಂಡರಿನಲ್ಲಿ ಒತ್ತಡದ ಗಾಳಿ ಉಳಿದಿರಬಹುದು. ಲೇಸರ್ ಬಾಗಿಲಿನ ಸ್ವಿಚ್ಚಿಗೆ ಟೇಪ್ ಸುತ್ತಿ ಮೋಸ ಮಾಡುವ ಕೆಲಸವಂತೂ ಬೇಡವೇ ಬೇಡ.

ಕಂಪ್ಯೂಟರಿನ ವಿಷಯ ಚುಟುಕಾಗಿ: ಬಹಳ ಮಶೀನುಗಳು ಹಳೆಯ ಪಿಸಿ ಮೇಲೆ ಓಡುತ್ತಿವೆ. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲೇ ಬೆಂಬಲ ನಿಂತಿದ್ದರೂ ಅದರಲ್ಲೇ ನಡೆಯುವ ಮಶೀನ್ ಸಿಗುತ್ತವೆ. ಮಶೀನಿನ ಎಲ್ಲ ಜಾಗಗಳ ಅಂಕಿ ಆ ಹಾರ್ಡ್ ಡಿಸ್ಕಿನಲ್ಲೇ ಇರುವುದು. ಅದು ಓಡುತ್ತಿರುವಾಗಲೇ ಪೂರ್ತಿ ನಕಲು ಮಾಡಿಡಿ. ಬೋರ್ಡಿನ ಮೇಲಿನ ಸಿಆರ್2032 ಬ್ಯಾಟರಿಯನ್ನೂ ಸತ್ತ ಮೇಲಲ್ಲ, ಮೊದಲೇ ಬದಲಾಯಿಸಿ.

ರಿಪೇರಿ ಆದ ಮೇಲೆ

ಮಶೀನ್ ನಿಂತರೆ ನಷ್ಟ ಕಣ್ಣಿಗೆ ಕಾಣುತ್ತದೆ. ಖಾಲಿ ಚಿಪ್ ಪಾಸಾದ ಟ್ರೇಗೆ ಹೋದರೆ ಕಾಣುವುದಿಲ್ಲ, ಅದು ಯಾರದೋ ಬೋರ್ಡಿನಲ್ಲಿ ಬೆಸುಗೆ ಆದ ಮೇಲೆ ಕಾಣುತ್ತದೆ. ನಾನು ಹೆಚ್ಚು ಹೆದರುವುದು ಇದಕ್ಕೆ. ಹೇಗಾಗುತ್ತದೆ? ಕೆಲಸದ ಮಧ್ಯೆ ಮಶೀನ್ ನಿಲ್ಲುತ್ತದೆ, ಸಾಕೆಟ್ಟುಗಳಲ್ಲಿ ಎಂಟು ಚಿಪ್ ಅರ್ಧ ಬರೆದದ್ದು. ಬಿಸಾಕಲು ಮನಸ್ಸಿಲ್ಲದೆ ಯಾರೋ ಅವನ್ನು ಕೈಯಲ್ಲಿ ತೆಗೆದು ಪಕ್ಕದ ಟ್ರೇಯಲ್ಲಿ ಇಡುತ್ತಾರೆ. ಅದು ಪಾಸ್ ಟ್ರೇ. ಹಾಗಾಗಿ ನನ್ನ ಕ್ರಮ ಇದು: ಮಧ್ಯದಲ್ಲಿ ನಿಂತರೆ ಸಾಕೆಟ್ಟಿನಲ್ಲಿದ್ದ ಎಲ್ಲ ಚಿಪ್ಪೂ ರಿಜೆಕ್ಟ್, ಆಮೇಲೆ ಮತ್ತೆ ಮೊದಲಿನಿಂದ. ತಾಳೆ ನೋಡುವುದನ್ನು ಒಂದೇ ವೋಲ್ಟೇಜಿನಲ್ಲಿ ಮಾಡದೆ, ಅವಕಾಶ ಇದ್ದರೆ ಸ್ವಲ್ಪ ಕೆಳಗೆ ಒಂದು ಸಲ, ಸ್ವಲ್ಪ ಮೇಲೆ ಒಂದು ಸಲ ಮಾಡಿಸುತ್ತೇನೆ. ಅರೆಬರೆ ಬರೆದ ಬಿಟ್ಟುಗಳು ಆಗ ಸಿಕ್ಕಿಬೀಳುತ್ತವೆ.

ಚಿಪ್ ಟೇಪಿಗೆ ಹೋಗುವುದಾದರೆ ಮೇಲಿನ ಪ್ಲಾಸ್ಟಿಕ್ಕನ್ನೂ ಎಳೆದು ನೋಡಬೇಕು. 8 ಮಿಲಿಮೀಟರ್ ಟೇಪಿಗೆ ಬಿಡಿಸುವ ಬಲ 0.1 ರಿಂದ 1 ನ್ಯೂಟನ್ ಒಳಗೆ ಇರಬೇಕು. ಸಡಿಲವಾದರೆ ಚಿಪ್ ಚೆಲ್ಲುತ್ತದೆ, ಬಿಗಿಯಾದರೆ ಮುಂದಿನ ಮಶೀನಿನಲ್ಲಿ ಟೇಪ್ ಹರಿದು ಚಿಪ್ ಹಾರುತ್ತದೆ.

ಕೊನೆಗೆ ಒಂದು ಚಿಪ್ಪನ್ನು ಬೇಕಂತಲೇ ಹಾಳು ಮಾಡಿ ಇಟ್ಟುಕೊಂಡಿದ್ದೇನೆ. ಎಲ್ಲ ಡೇಟಾ ಸರಿ, ಕೊನೆಯ ಬೈಟ್ ಮಾತ್ರ ತಪ್ಪು, ಮೇಲೆ ಕೆಂಪು ಬಣ್ಣದ ಚುಕ್ಕೆ. ರಿಪೇರಿ ಮುಗಿದ ಮೇಲೆ ಬರೆಯುವುದನ್ನು ಆಫ್ ಮಾಡಿ, ಬರೀ ತಾಳೆ ನೋಡುವ ಹಾಗಿಟ್ಟು, ಅದನ್ನು ಒಂದೊಂದೇ ಸೈಟಿಗೆ ಹಾಕುತ್ತೇನೆ. ಅವತ್ತು ಸೈಟ್ 5ಕ್ಕೆ ಹಾಕಿದಾಗ ಪರದೆ ಮೇಲೆ ಕೆಂಪು ಸಾಲು ಬಂತು: "ಸೈಟ್ 5, ವೆರಿಫೈ ಫೇಲ್." ಹಿಂದೆ ನಿಂತಿದ್ದ ಆಪರೇಟರ್, "ಅಯ್ಯೋ, ಇನ್ನೂ ಹೋಗಿಲ್ವಾ ಸಾರ್?" ಅಂದರು. ವಿಳಾಸ ತೋರಿಸಿದೆ. ಕೊನೆಯ ಬೈಟ್. ಉಳಿದ ಏಳು ಸೈಟಿಗೂ ಅದೇ ಚಿಪ್ ಹಾಕಿ, ಏಳೂ ಕಡೆ ಕೆಂಪು ಬಂದ ಮೇಲೆ ಟ್ರೇ ಇಟ್ಟು ಶುರು ಮಾಡಿ ಅಂದೆ.